ಹೊನ್ನೀರನ ಕೂಸು ಕಕ್ಕ ಮಾಡಿದ್ದು

ಹೂಂಗುಟ್ಟೋಕೆ ಒಬ್ಬರಾದ್ರೂ ಎಚ್ಚರ ಇದ್ದೀರಾ? ಸರಿ, ಹಂಗಾದ್ರೆ ಕೇಳಿ.

ಒಂದೂರಲ್ಲಿ ದ್ಯಾವಮ್ಮ ಅಂತ ಒಬ್ಬ ಹೆಂಗಸು. ಅವಳಿಗೆ ಒಬ್ಬನೇ ಮಗ, ಹೊನ್ನೀರ. ಮೈ ಎತ್ತಿನಂಗೆ, ಮನಸ್ಸು ಹಾಲಿನಂಗೆ. ಬುದ್ಧಿ ಮಾತ್ರ, ಬ್ರಹ್ಮ ಹಂಚ್ಕೊಂಡು ಇವನ ಹತ್ರ ಬರೋ ಹೊತ್ತಿಗೆ ಖಾಲಿಯಾಗಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. "ಬಾಗಿಲು ನೋಡ್ಕೊಂಡಿರೋ" ಅಂದ್ರೆ, ಹಸು ಹಿತ್ತಲಿಂದ ನುಗ್ಗಿ ಅಡುಗೆ ಮನೆಯೆಲ್ಲ ಮೇಯ್ದರೂ ಇವನು ಬಾಗಿಲನ್ನೇ ನೋಡ್ಕೊಂಡಿರೋನು. ದ್ಯಾವಮ್ಮ ತಲೆ ಚಚ್ಕೊಂಡು, "ಅಯ್ಯೋ ನನ್ನ ಹೊಟ್ಟೇಲಿ ಹುಟ್ಟಿದ ಗುಂಡುಕಲ್ಲೇ!" ಅನ್ನೋಳು. ಆಮೇಲೆ ಅವನಿಗೇ ಮೊದಲು ಮುದ್ದೆ ಇಕ್ಕೋಳು.

ಅಂಥೋನಿಗೂ ಹೆಣ್ಣು ಸಿಕ್ತು. ಚೆಲುವಿ ಅಂತ. "ಬುದ್ಧಿ ಇರೋರನ್ನ ಕಟ್ಕೊಂಡ ನಮ್ಮಕ್ಕ ದಿನಾ ಏಟು ತಿಂತಾಳೆ. ಇವನು ಇರುವೆಗೂ ದಾರಿ ಬಿಡ್ತಾನೆ, ಸಾಕು ಬಿಡು" ಅಂತ ಒಪ್ಕೊಂಡು ಬಂದಳು. ಬಂದಳು, ಬಾಳಿದಳು, ಒಂದು ಹೆಣ್ಣು ಕೂಸನ್ನೂ ಹೆತ್ತಳು. ಕೂಸಿಗೆ ಚಿಕ್ಕತಾಯಿ ಅಂತ ಹೆಸರಿಟ್ಟರು.

ಕೂಸು ಬೆಳೀತು, ಕೂರೋಕೆ ಕಲೀತು, ದೊಡ್ಡೋರು ಉಣ್ಣೋದನ್ನ ನೋಡಿ ಬಾಯಿ ಚಪ್ಪರಿಸೋಕೆ ಶುರುಮಾಡ್ತು. ಇನ್ನು ಬರೀ ಎದೆಹಾಲು ಸಾಲದು, ರಾಗಿ ಸರಿ ತಿನ್ನಿಸ್ಬೇಕು ಅಂದರು. ಅಷ್ಟರಲ್ಲಿ ದ್ಯಾವಮ್ಮ ಬಚ್ಚಲಲ್ಲಿ ಜಾರಿ ಕಾಲು ಮುರ್ಕೊಂಡು ಚಾಪೆ ಹಿಡಿದಳು. ಹೊರಗೆ ನಾಟಿ ಕಾಲ. ನಮ್ಮ ಗದ್ದೆಗೆ ಬಂದು ನಾಟಿ ಹಾಕಿಕೊಟ್ಟೋರ ಗದ್ದೆಗೆ ನಾವೂ ಹೋಗ್ಬೇಕಲ್ಲ, ಮುಯ್ಯಾಳು ಬಿಡೋಕಾಗುತ್ತಾ? ಚೆಲುವಿ ಕೂಸಿಗೆ ಹಾಲು ಕುಡಿಸಿ ಹೊರಟಳು, ಮಧ್ಯಾಹ್ನ ಬಂದು ಮತ್ತೆ ಕುಡಿಸಿ ಹೊರಟಳು. ಕೂಸಿಗೆ ಸರಿ ತಿನ್ನಿಸೋ ಕೆಲಸ ಹೊನ್ನೀರನ ಪಾಲಿಗೆ ಬಂತು.

ದ್ಯಾವಮ್ಮ ಚಾಪೆ ಮೇಲಿಂದಲೇ ಕೂಗಿದಳು. "ಲೋ ಹೊನ್ನೀರಾ! ಸರಿ ಕಾಸಿ ಚೆನ್ನಾಗಿ ತಿನ್ನಿಸೋ! ಕೂಸು ಗಟ್ಟಿಯಾಗ್ಬೇಕು!"

"ಆಗ್ಲಿ ಕಣವ್ವಾ!"

ಹೊನ್ನೀರ ಯೋಚನೆ ಮಾಡಿದ. ಕೂಸು ಗಟ್ಟಿಯಾಗ್ಬೇಕಾದ್ರೆ ಸರಿ ಗಟ್ಟಿಯಾಗಿರ್ಬೇಕು ತಾನೆ? ಹಿಟ್ಟು ಸುರಿದ, ತಿರುವಿದ. ಇನ್ನಷ್ಟು ಸುರಿದ, ಇನ್ನಷ್ಟು ತಿರುವಿದ. ಸೌಟು ನೆಟ್ಟಗೆ ನಿಂತ್ಕೊಳ್ತು. "ಆಹಾ, ಗಟ್ಟಿಯಾಯ್ತು!" ಅಂದ. ಕೂಸನ್ನ ತೊಡೆ ಮೇಲೆ ಕೂರಿಸ್ಕೊಂಡು, ಕಾಗೆ ತೋರಿಸಿ, ಗುಬ್ಬಿ ತೋರಿಸಿ, ಸಣ್ಣ ಸಣ್ಣ ಉಂಡೆ ಮಾಡಿ ತಿನ್ನಿಸಿದ. ಅಪ್ಪ ಕೊಟ್ಟಿದ್ದು ಅಂತ ಕೂಸೂ ನುಂಗ್ತು. ದಿನಾ ಕೊಟ್ಟ, ದಿನಾ ನುಂಗ್ತು.

ಕೂಸಿನ ಹೊಟ್ಟೆ ತಮಟೆ ಆಯ್ತು.

ತಿಣುಕುತ್ತೆ, ಮುಖ ಕೆಂಪಗಾಗುತ್ತೆ. ಕಾಲನ್ನ ಹೊಟ್ಟೆಗೆ ಎಳ್ಕೊಂಡು ಕಿರುಚುತ್ತೆ. ಏನೂ ಬರಲ್ಲ. ಬಂದ್ರೆ ಆಡಿನ ಹಿಕ್ಕೆಯಂಗೆ ಒಂದು ಉಂಡೆ, ಅದಕ್ಕೂ ಪ್ರಾಣ ಹೋದಂಗೆ ಅಳು. ಆಮೇಲೆ ಅದೂ ನಿಂತೋಯ್ತು. ಸರಿ ಕಂಡ್ರೆ ಮುಖ ತಿರುಗಿಸ್ತು. ಚೆಲುವಿ ಗದ್ದೆಗೆ ಹೋಗುವಾಗ ಹಿಂದಕ್ಕೆ ಹಿಂದಕ್ಕೆ ತಿರುಗಿ ನೋಡೋಳು. "ಅತ್ತೇ, ನಾನು ಹೆಂಗೆ ಹೋಗ್ಲಿ? ಕೂಸು ಹಿಂಗೆ ನುಲೀತೈತೆ" ಅಂತ ಸೆರಗಲ್ಲಿ ಕಣ್ಣೊರೆಸ್ಕೊಳ್ಳೋಳು.

ದ್ಯಾವಮ್ಮನಿಗೆ ಅನುಮಾನ ಬಂತು. "ಲೋ, ನೀನು ಕೂಸಿಗೆ ಏನು ಕೊಡ್ತಿದ್ದೀಯೋ? ತಂದು ತೋರಿಸೋ!"

ತಂದು ತೋರಿಸಿದ. ದ್ಯಾವಮ್ಮ ಬೆರಳಲ್ಲಿ ಒತ್ತಿದಳು. ಬೆರಳು ಇಳೀಲಿಲ್ಲ.

"ಅಯ್ಯೋ ಮುಂಡೇದೇ! ಇದನ್ನ ಗೋಡೆಗೆ ಹೊಡೆದ್ರೆ ಗೋಡೆ ಬೀಳುತ್ತಲ್ಲೋ! ಹಲ್ಲಿಲ್ಲದ ಕೂಸಿಗೆ ಇದನ್ನ ಕೊಟ್ಟೆಯಾ?"

"ನೀನೇ ಗಟ್ಟಿಯಾಗ್ಬೇಕು ಅಂದೆಯಲ್ಲವ್ವಾ?"

"ಕೂಸು ಗಟ್ಟಿಯಾಗ್ಬೇಕು ಅಂದೆ! ಹೊಟ್ಟೆ ಗಟ್ಟಿಯಾಗ್ಬೇಕು ಅಂದೆನಾ? ನೀರಾಗಿ ಕಾಸ್ಬೇಕು! ಇನ್ಮೇಲೆ ಕೂಸಿಗೆ ಅಂತ ಏನೇ ತಂದ್ರೂ ನೀರು ಹಾಕಿ ತೆಳ್ಳಗೆ ಮಾಡ್ಬೇಕು, ತಿಳೀತಾ? ಈಗ ಹೋಗು, ಜವರಯ್ಯನ ಮನೇಲಿ ಒಂದು ಗಿಂಡಿ ತುಪ್ಪ ಇಸ್ಕೊಂಡು ಬಾ. ಸರೀಗೆ ಒಂದು ಹನಿ ಬಿಡೋಣ."

"ಆಗ್ಲಿ ಕಣವ್ವಾ!"

ಜವರಯ್ಯ ಎಮ್ಮೆ ಸಾಕಿ ಊರಿಗೆಲ್ಲ ಹಾಲು ಹಾಕೋನು. ಘಮಘಮ ಅನ್ನೋ ತುಪ್ಪ ಕೊಟ್ಟ. ಹೊನ್ನೀರ ಬರ್ತಾ ದಾರೀಲಿ ಕಾಲುವೆ ನೋಡಿದ. "ಓಹೋ! ಕೂಸಿಗೆ ಅಂತ ಏನು ತಂದ್ರೂ ನೀರು ಹಾಕ್ಬೇಕು!" ಗಿಂಡಿ ಮುಳುಗಿಸಿದ. ತುಪ್ಪ ಮೇಲಕ್ಕೆ ಬಂತು, ತೇಲ್ತು, ಕಾಲುವೆ ಹಿಡ್ಕೊಂಡು ಊರಾಚೆ ಹೋಯ್ತು. ಮೀನುಗಳಿಗೆ ಹಬ್ಬ. ಗಿಂಡಿ ತುಂಬ ನೀರು ಮನೆಗೆ ಬಂತು.

"ತುಪ್ಪ ಎಲ್ಲೋ?"

"ತೆಳ್ಳಗಾಯ್ತು ಕಣವ್ವಾ!"

"ಅಯ್ಯೋ ನನ್ನ ಕರ್ಮವೇ! ತುಪ್ಪಾನ ಹಿಂಗಾ ತರೋದು? ಬಾಯಿಗೆ ಬಟ್ಟೆ ಕಟ್ಟಿ, ಬುಟ್ಟೀಲಿಟ್ಟು, ತಲೆ ಮೇಲೆ ಹೊತ್ಕೊಂಡು, ಅಲ್ಲಾಡಿಸ್ದೆ ತರ್ಬೇಕು! ಆ ತುಪ್ಪ ಹೋಗ್ಲಿ. ಕೂಸು ನೋಡು, ಅತ್ತು ಅತ್ತು ದನಿ ಹೋಗೈತೆ. ಓಡು, ಮಂಚಜ್ಜೀನ ಕರ್ಕೊಂಡು ಬಾ!"

"ಆಗ್ಲಿ ಕಣವ್ವಾ!"

ಮಂಚಜ್ಜಿ ಊರಿನ ಸೂಲಗಿತ್ತಿ. ಚೆಲುವಿಗೆ ಹೆರಿಗೆ ಮಾಡಿಸಿದೋಳೂ ಅವಳೇ. ಒಣಗಿದ ಅವರೆಕಾಯಂಗೆ ಇಷ್ಟೇ ಇಷ್ಟು ಮುದುಕಿ, ಜಗಲಿ ಮೇಲೆ ಕೂತು ಎಲೆಅಡಿಕೆ ಕುಟ್ತಿದ್ದಳು. ಹೊನ್ನೀರ ಹೋದೋನೇ ಕೈ ಮುಗಿದ. ಹೆಗಲ ಮೇಲಿನ ಟವಲ್ ತೆಗೆದು ಅಜ್ಜಿ ಬಾಯಿಗೆ ಬಿಗಿದ, ಎತ್ತಿ ಅಲ್ಲೇ ಇದ್ದ ಬುಟ್ಟೀಲಿಟ್ಟ, ಬುಟ್ಟಿ ತಲೆ ಮೇಲಿಟ್ಟ. ಅಲ್ಲಾಡಿಸ್ದೆ, ತುಳುಕಿಸ್ದೆ, ನಿಧಾನಕ್ಕೆ ನಡೆದ. ಅಜ್ಜಿ ಮೇಲಿಂದ "ಮ್ಮ್! ಮ್ಮ್!" ಅಂತ ಇವನ ತಲೆಗೆ ಕುಟ್ಟಾಣಿಯಿಂದ ಕುಟ್ಟಿದಳು. "ಸುಮ್ನಿರಜ್ಜೀ, ತುಳುಕಿಬಿಡ್ತೀಯ!" ಅಂದ.

ಮನೆಗೆ ಬಂದು ಬುಟ್ಟಿ ಇಳಿಸಿ ಬಾಯಿ ಬಿಚ್ಚಿದ. ಬಾಯಿ ಬಿಚ್ಚಿದ್ದೇ ತಡ, ಊರಲ್ಲಿದ್ದ ಬೈಗುಳವೆಲ್ಲ ಹೊರಗೆ ಬಂತು. ದ್ಯಾವಮ್ಮ ಅಜ್ಜಿ ಕಾಲಿಗೆ ಕೈ ಮುಗಿದಳು. "ತಪ್ಪಾಯ್ತು ಕಣಜ್ಜೀ, ನನ್ನ ಮಗ ಪೆದ್ದ. ಕೂಸಿನ ಮುಖ ನೋಡು."

ಅಜ್ಜಿ ಕೂಸಿನ ಮುಖ ನೋಡಿದಳು. ಬೈಗುಳ ಅಲ್ಲಿಗೇ ನಿಲ್ತು. ಹೊಟ್ಟೆ ಮುಟ್ಟಿದಳು, ಬಟ್ಟೆ ಬಿಚ್ಚಿ ನೋಡಿದಳು.

"ಹೆದರ್ಕೋಬೇಡ್ರೇ. ಹೊಸ ಊಟ, ಹೊಸ ಕರುಳು. ಒಗ್ಗೋವರ್ಗೂ ಹಿಂಗೆ ಆಗ್ತದೆ. ಗಾರೆ ಕಲಸಿದಂಗೆ ಕಲಸಿ ಕೊಟ್ರೆ ಇನ್ನೇನಾಗುತ್ತೆ? ಸರಿ ತೆಳ್ಳಗಿರ್ಲಿ. ಎದೆಹಾಲು ಬಿಡಿಸ್ಬೇಡಿ. ಕಾಯಿಸಿ ಆರಿಸಿದ ನೀರು ಆಗಾಗ ಒಂದೆರಡು ಗುಟುಕು ಕೊಡಿ. ಪರಂಗಿ ಹಣ್ಣು ನುಣ್ಣಗೆ ಕಿವುಚಿ ನೆಕ್ಕಿಸಿ. ಬೆಚ್ಚನೆ ಕೈಯಲ್ಲಿ ಹೊಟ್ಟೆ ನೀವಿ. ಕಾಲು ಹಿಡ್ಕೊಂಡು ಸೈಕಲ್ ತುಳಿಸಿ. ಸೋಪಿನ ತುಂಡು, ಎಲೆ ತೊಟ್ಟು ಅಂತ ಕೆಳಗೆ ಏನಾದ್ರೂ ತುರುಕೀರಿ, ಜೋಕೆ! ನಾಳೆಗೂ ಆಗ್ಲಿಲ್ಲ ಅಂದ್ರೆ, ವಾಂತಿ ಮಾಡ್ಕೊಂಡ್ರೆ, ರಕ್ತ ಕಂಡ್ರೆ ನನ್ನ ಹತ್ರ ಬರ್ಬೇಡಿ. ಆಸ್ಪತ್ರೆಗೆ ಎತ್ಕೊಂಡು ಓಡಿ."

ಅಷ್ಟು ಹೇಳಿ ಹೊನ್ನೀರನ ಕಡೆ ತಿರುಗಿದಳು. "ನೋಡಪ್ಪಾ, ದೊಡ್ಡೋರನ್ನ ಬಾಯಿ ಕಟ್ಟಿ ಹೊತ್ಕೊಂಡು ಬರಬಾರ್ದು. ಕೈ ಹಿಡ್ಕೊಂಡು, ಕಷ್ಟ ಸುಖ ಮಾತಾಡಿಸ್ಕೊಂಡು, ನಿಧಾನಕ್ಕೆ ನಡೆಸ್ಕೊಂಡು ಬರ್ಬೇಕು. ಗೊತ್ತಾಯ್ತಾ?"

"ಗೊತ್ತಾಯ್ತಜ್ಜೀ!"

ಅಜ್ಜಿ ಹೋದಳು. "ಹೋಗೋ, ಜವರಯ್ಯನ ಹಿತ್ತಲಲ್ಲಿ ಒಂದು ಒಳ್ಳೆ ಪರಂಗಿ ಹಣ್ಣು ಕಿತ್ಕೊಂಡು ಬಾ" ಅಂದಳು ದ್ಯಾವಮ್ಮ.

ಹೋದ, ಕಿತ್ತ. ಹಣ್ಣಿನ ತೊಟ್ಟು ಹಿಡ್ಕೊಂಡ, ಹಣ್ಣನ್ನ ನೆಲದ ಮೇಲೆ ನಡೆಸ್ಕೊಂಡು ಹೊರಟ. "ಚೆನ್ನಾಗಿದ್ದೀರಾ? ಮನೆ ಕಡೆ ಎಲ್ಲ ಸುಖವಾ?" ಅಂತ ಕೇಳಿದ. ಹಣ್ಣು ಮಾತಾಡ್ಲಿಲ್ಲ. ಪಾಪ, ನಾಚಿಕೆ ಇರ್ಬೇಕು ಅಂತ ತನ್ನ ಕಷ್ಟಾನೇ ಹೇಳ್ಕೊಂಡ. "ನಮ್ಮ ಚಿಕ್ಕತಾಯಿಗೆ ಕಕ್ಕ ಆಗ್ತಿಲ್ಲ. ನನ್ನಿಂದಾನೇ ಆಗಿದ್ದು. ಅದು ಅತ್ರೆ ನನ್ನ ಹೊಟ್ಟೇಲಿ ಬೆಂಕಿ ಇಟ್ಟಂಗಾಗುತ್ತೆ. ನೀವಾದ್ರೂ ಒಂದು ದಾರಿ ಮಾಡ್ಬೇಕು" ಅಂತ ಹೇಳ್ತಾ ಹೇಳ್ತಾ ಗೊಳೋ ಅಂತ ಅತ್ತ. ದಾರಿಯ ಕಲ್ಲು ಮುಳ್ಳು ಎಲ್ಲ ತಾಗಿ ಹಣ್ಣು ಮನೆ ಮುಟ್ಟೋ ಹೊತ್ತಿಗೆ ಅರ್ಧವಾಗಿತ್ತು.

"ಇದೇನೋ ಇದು! ಹಣ್ಣಿಗೆ ಯಾರೋ ಹಿಂಗೆ ಹೊಡೆದಿದ್ದು?"

"ಯಾರೂ ಹೊಡೆದಿಲ್ಲ ಕಣವ್ವಾ. ನಡ್ಕೊಂಡು ಬಂದ್ರು. ಸುಸ್ತಾಗವ್ರೆ."

ದ್ಯಾವಮ್ಮ ಬೈಯೋಕೆ ಬಾಯಿ ತೆರೆದಳು. ಮಗನ ಕಣ್ಣು ನೋಡಿದಳು, ಅತ್ತು ಊದ್ಕೊಂಡಿತ್ತು. ಹಣ್ಣಿನ ಉಳಿದರ್ಧದಲ್ಲಿ ಚೆನ್ನಾಗಿದ್ದ ತಿರುಳನ್ನ ತೊಳೆದು ಕೆರೆದು ತೆಗೆದು, ಕಿವುಚಿ, ಕೂಸಿಗೆ ನೆಕ್ಕಿಸಿದಳು. ಕೂಸು ಮೊದಲು ಮುಖ ಸಿಂಡರಿಸ್ತು, ಆಮೇಲೆ ಚಪ್ಪರಿಸ್ತು.

"ಇನ್ಮೇಲೆ ದಾರೀಲಿ ಮಾತು ಬೇಡ, ಕತೆ ಬೇಡ. ಬೇಕಾದ್ದನ್ನ ಹೋಗಿ ತಗೊಂಡು ಓಡಿ ಬಂದ್ಬಿಡು, ಸರೀನಾ? ಈಗ ಕೂಸಿಗೆ ಸೈಕಲ್ ತುಳಿಸ್ಬೇಕು ಕಣೋ..."

ಮಾತು ಮುಗಿಯೋದ್ರೊಳಗೆ ಹೊನ್ನೀರ ಇಲ್ಲ!

ಜವರಯ್ಯ ಸೈಕಲ್ಲಿಂದ ಹಾಲಿನ ಕ್ಯಾನ್ ಇಳಿಸ್ತಿದ್ದ. ಹೊನ್ನೀರ ಮಾತಿಲ್ಲದೆ, ಕತೆಯಿಲ್ಲದೆ, ಸೈಕಲ್ ಎತ್ತಿ ಹೆಗಲ ಮೇಲಿಟ್ಕೊಂಡು ಓಡಿದ. "ಲೋ ಲೋ ಲೋ!" ಅಂತ ಜವರಯ್ಯ ಹಿಂದೆ. ಹೊನ್ನೀರ ಮನೆಗೆ ಬಂದ, ನಡುಮನೇಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿದ. ಕೂಸಿನ ಕಂಕುಳಿಗೆ ಎರಡೂ ಕೈ ಕೊಟ್ಟು, ಹೂವಿನಂಗೆ ಎತ್ತಿ ಸೀಟಿನ ಮೇಲೆ ಹಿಡ್ಕೊಂಡ.

"ತುಳಿ ಮಗಳೇ, ತುಳಿ!"

ಕೂಸು ಬೆಲ್ ನೋಡ್ತು.

"ಅವ್ವಾ! ಕಾಲು ಎಟುಕ್ತಿಲ್ಲ ಕಣವ್ವಾ! ಇವಳು ದೊಡ್ಡೋಳಾಗೋವರ್ಗೂ ಕಾಯ್ಬೇಕಾ?"

ಜವರಯ್ಯ ಬಾಗಿಲಲ್ಲಿ ನಿಂತು ನೋಡಿದ. ಬೈಯೋಕೆ ಬಂದೋನು ಹೊಟ್ಟೆ ಹಿಡ್ಕೊಂಡು ಕೂತ. ದ್ಯಾವಮ್ಮ ಚಾಪೆಯಿಂದ ತೆವಳ್ಕೊಂಡೇ ಬಂದಳು. "ಇಳಿಸೋ ಪೆದ್ದೇ! ಇಲ್ಲಿ ಮಲಗಿಸೋ! ಕಾಲು ಹಿಡ್ಕೋ. ಒಂದು ಕಾಲು ಮಡಚು, ಒಂದು ಕಾಲು ನೀಡು. ಹಂಗೆ. ಮೆತ್ತಗೆ. ಈಗ ಹೊಟ್ಟೆ ನೀವು. ಮೆತ್ತಗೆ ಕಣೋ! ಇದನ್ನ ಮಾಡ್ತಾ ಇರು."

"ಆಗ್ಲಿ ಕಣವ್ವಾ!"

ಮಾಡ್ತಾ ಇರು ಅಂದ್ಲಲ್ಲ, ಮಾಡ್ತಾ ಇದ್ದ. ಬುದ್ಧಿ ಇರೋನು ನಾಲ್ಕು ಸಲ ಮಾಡಿ ಬೀಡಿ ಹಚ್ಚೋಕೆ ಎದ್ದು ಹೋಗ್ತಿದ್ದ. ಹೊನ್ನೀರ ಏಳಲಿಲ್ಲ. ಕೂಸು ಅತ್ರೆ ನಿಲ್ಲಿಸಿ ಎತ್ಕೊಂಡ, ಸುಮ್ಮನಾದ್ರೆ ಮಲಗಿಸಿ ಮತ್ತೆ ಶುರುಮಾಡಿದ. ನಿದ್ದೆ ಹೋದ್ರೆ ಪಕ್ಕದಲ್ಲೇ ಕೂತ. ಎದ್ರೆ ನೀರು ಕುಡಿಸಿದ, ಹಣ್ಣು ನೆಕ್ಕಿಸಿದ, ಹೊಟ್ಟೆ ನೀವಿದ. ಚೆಲುವಿ ಬಂದು ಹಾಲು ಕೊಡುವಾಗ ಮಾತ್ರ ಬಿಟ್ಟ. ಗಂಡನ ದೊಡ್ಡ ಕೈ ಆ ಸಣ್ಣ ಹೊಟ್ಟೆ ಮೇಲೆ ಓಡಾಡೋದನ್ನ ಚೆಲುವಿ ನೋಡ್ತಾ ಕೂತಳು.

ಮಾರನೇ ದಿನ ಚೆಲುವಿ ಜವರಯ್ಯನ ಗದ್ದೆ ನಾಟಿಗೆ ಹೋಗಿದ್ದಳು. "ಮಧ್ಯಾಹ್ನಕ್ಕೂ ಆಗ್ಲಿಲ್ಲ ಅಂದ್ರೆ ಆಸ್ಪತ್ರೆ" ಅಂತ ಹೇಳೇ ಹೋಗಿದ್ದಳು. ಹೊನ್ನೀರ ಕಾಲು ಮಡಚ್ತಿದ್ದ, ನೀಡ್ತಿದ್ದ. ಕೂಸು ಇದ್ದಕ್ಕಿದ್ದಂಗೆ ಸುಮ್ಮನಾಯ್ತು. ಮೇಲೆ ನೋಡ್ತು. ಮುಖ ಕೆಂಪಗೆ ಮಾಡ್ತು. ಪುರ್ ಅಂತು!

"ಅವ್ವಾ! ಅವ್ವಾ! ಬಂತು ಕಣವ್ವಾ! ಬಂತು!"

ದ್ಯಾವಮ್ಮ ನೋಡಿದಳು. ಬಟ್ಟೆ ತುಂಬ ಮೆತ್ತಗೆ, ಹಳದಿಯಾಗಿ, ಧಾರಾಳವಾಗಿ. ಕೂಸು ಕೈಕಾಲು ಬಡಿದು ಕೇಕೆ ಹಾಕ್ತು. ದ್ಯಾವಮ್ಮ ಮುರಿದ ಕಾಲನ್ನೂ ಮರೆತು ಮಗನ ಕೆನ್ನೆ ತಟ್ಟಿದಳು. "ನನ್ನಪ್ಪಾ, ಗೆದ್ದೆ ಕಣೋ! ಓಡು, ಚೆಲುವಿಗೆ ಸುದ್ದಿ ಮುಟ್ಟಿಸು! ಪಾಪ, ಅವಳ ಜೀವ ಗದ್ದೇಲಿಲ್ಲ. ದಾರೀಲಿ ಯಾರು ಸಿಕ್ಕಿದ್ರೂ ಮುಟ್ಟಿಸು, ಊರೆಲ್ಲ ಕೇಳ್ತಾವ್ರೆ!"

"ಆಗ್ಲಿ ಕಣವ್ವಾ!"

ಮುಟ್ಟಿಸು ಅಂದ್ಲಲ್ಲ! ಹೊನ್ನೀರ ಕೂಸಿನ ಬಟ್ಟೆ ಎರಡೂ ಕೈಯಲ್ಲಿ ಆರತಿ ತಟ್ಟೆಯಂಗೆ ಹಿಡ್ಕೊಂಡು ಓಡಿದ. ಪೂಜಾರಿ ಮಡೀಲಿ ನೀರು ತರ್ತಿದ್ದ. "ಸ್ವಾಮೀ, ಮುಟ್ಟಿ!" ಅಂತ ಕೈ ಹಿಡಿದು ಮುಟ್ಟಿಸಿದ. ಪೂಜಾರಿ ಕೊಡ ಎಸೆದು ಕಾಲುವೆಗೆ ಹಾರಿದ. ಪಟೇಲರು ಕಟ್ಟೆ ಮೇಲೆ ಬೆಳ್ಳನೆ ಪಂಚೆಯುಟ್ಟು ಕೂತಿದ್ದರು. "ಅಯ್ಯಾ, ನೀವೂ ಮುಟ್ಟಿ!" ಪಟೇಲರು ಆ ವಯಸ್ಸಲ್ಲಿ ಮರ ಹತ್ತಿದರು.

ಗದ್ದೆ ಬದುವಿಗೆ ಬಂದ. ಹೆಂಗಸರು ಸಾಲಾಗಿ ಬಗ್ಗಿ ನಾಟಿ ಹಾಕ್ತಿದ್ದರು. ಗಂಡ ಓಡಿ ಬಂದಿದ್ದು ಕಂಡು ಚೆಲುವಿ ಕೈಲಿದ್ದ ಪೈರು ಕೆಸರಿಗೆ ಬಿತ್ತು.

"ಏನಾಯ್ತು? ಕೂಸಿಗೆ ಏನಾಯ್ತು, ಹೇಳಿ!"

"ಅವ್ವ ಮುಟ್ಟಿಸು ಅಂದ್ಲು. ಮುಟ್ಟು ಚೆಲುವೀ, ಮುಟ್ಟು!"

ಹೆಂಗಸರು ಮೂಗಿಗೆ ಸೆರಗು ಹಿಡಿದು ನಕ್ಕರು. ಚೆಲುವಿ ನಗಲಿಲ್ಲ. ಕೆಸರಿನ ಕೈಯನ್ನ ಕಾಲುವೆ ನೀರಲ್ಲಿ ತೊಳ್ಕೊಂಡಳು. ಬದು ಹತ್ತಿ ಬಂದಳು. ಬಟ್ಟೆ ಬಿಡಿಸಿ ಒಂದು ಬೆರಳಲ್ಲಿ ಮುಟ್ಟಿದಳು.

"ಮೆತ್ತಗೈತೆ" ಅಂದಳು. "ಬೆಣ್ಣೆಯಂಗೆ ಮೆತ್ತಗೈತೆ ಕಣ್ರೇ!" ಅಂತ ಅಲ್ಲೇ ಬದುವಿನ ಮೇಲೆ ಕುಸಿದು ಕೂತು, ನಗ್ತಾ ನಗ್ತಾ ಅತ್ತಳು.

ಹೆಂಡತಿ ನಕ್ಕಿದ್ದು ನೋಡಿ ಹೊನ್ನೀರನ ಮುಖ ಊರಗಲ ಆಯ್ತು. ನಾಟಿ ಸಾಲಿನ ಕಡೆ ತಿರುಗಿದ. "ಅಕ್ಕಂದಿರೇ, ನಿಮಗೂ ತಂದಿದ್ದೀನಿ! ಒಬ್ಬೊಬ್ಬರಾಗಿ ಮುಟ್ಟಿ!" ಅಂತ ಗದ್ದೆಗಿಳಿದ.

ಪೈರಿನ ಕಟ್ಟು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ. ಕೆಸರು ಹಾರಿಸ್ಕೊಂಡು ಅವರು ಮುಂದೆ, ಬಟ್ಟೆ ಹಿಡ್ಕೊಂಡು ಇವನು ಹಿಂದೆ. "ನಿಲ್ರಕ್ಕಾ, ಎಲ್ಲರಿಗೂ ಸಾಲುತ್ತೆ!" ಅಂತಾನೆ. ಅವರು ನಿಲ್ಲಲ್ಲ.

ಜವರಯ್ಯನ ಗದ್ದೆ ನಾಟಿ ಅವತ್ತು ಅರ್ಧಕ್ಕೇ ನಿಲ್ತು. ಅವರು ಓಡಿದ್ದು ಅವರಿಗಾಯ್ತು, ನಾವು ನಕ್ಕಿದ್ದು ನಮಗಾಯ್ತು.