ನೆಟ್ಟಗೆ ನಿಂತ ಗೋಡೆ

“ಗುರುಗಳೇ, ಕಷ್ಟ ಹೇಳಿಕೊಳ್ಳಲು ಬಂದವರು ಅಡ್ಡಾದಿಡ್ಡಿ ಮಾತಾಡುತ್ತಾರೆ. ನಾನು ಅದನ್ನು ನೆಟ್ಟಗೆ ಮಾಡಿ ನಿಮಗೆ ತಲುಪಿಸುತ್ತೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?”

ಹೀಗೆ ಕೇಳಿದವನು ಮಠದ ಬಾಗಿಲಲ್ಲಿ ಕುಳಿತು, ಬಂದವರ ಅಹವಾಲು ಬರೆದುಕೊಂಡು ಒಳಗೆ ಒಯ್ಯುವ ಶಿಷ್ಯ. ಅವನ ಬರಹ ಅಚ್ಚುಕಟ್ಟು. ಜನ ಬೈದದ್ದು ಅವನ ಹಾಳೆಯಲ್ಲಿ ಬಿನ್ನಹವಾಗುತ್ತಿತ್ತು. ಅತ್ತದ್ದು ಅಲ್ಲಿ ಇರುತ್ತಲೇ ಇರಲಿಲ್ಲ.

ಗುರುಗಳು ಅಂದಿನ ಹಾಳೆಗಳನ್ನು ಓದಿ ಪಕ್ಕಕ್ಕಿಟ್ಟರು.

“ನೀನು ಬರೆದದ್ದು ಓದಿದರೆ ಈ ಸೀಮೆಯಲ್ಲಿ ಯಾರಿಗೂ ಕಷ್ಟವೇ ಇಲ್ಲ ಅನ್ನಿಸುತ್ತದೆ. ಒಂದು ಕತೆ ಹೇಳುತ್ತೇನೆ, ಕೂತುಕೋ” ಎಂದರು.

ಒಂದು ಪಟ್ಟಣದಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಅವನು ಮನುಷ್ಯರ ಫೋಟೊ ತೆಗೆಯುತ್ತಿರಲಿಲ್ಲ, ಕಟ್ಟಡಗಳದ್ದು ಮಾತ್ರ. ಮನುಷ್ಯರು ಕಣ್ಣು ಮುಚ್ಚುತ್ತಾರೆ, ಅಲುಗಾಡುತ್ತಾರೆ, ಕಟ್ಟಡಗಳಿಗೆ ಆ ಚಾಳಿ ಇಲ್ಲ ಎನ್ನುತ್ತಿದ್ದ.

ಆದರೆ ಆ ಕೆಲಸಕ್ಕೂ ಒಂದು ತೊಡಕಿದೆ. ಬೀದಿಯಲ್ಲಿ ನಿಂತು ಎತ್ತರದ ಕಟ್ಟಡವನ್ನು ಪೂರ್ತಿ ಹಿಡಿಯಬೇಕಾದರೆ ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಬೇಕು. ಓರೆ ಮಾಡಿದೊಡನೆ ನೆಟ್ಟಗಿರುವ ಗೋಡೆಗಳೂ ಮೇಲೆ ಹೋಗುತ್ತ ಒಳಕ್ಕೆ ವಾಲಿದಂತೆ ಕಾಣುತ್ತವೆ. ಅವನು ಮನೆಗೆ ಬಂದು ಕಂಪ್ಯೂಟರಿನ ಪರದೆಯ ಮೇಲೆ ಗೆರೆ ಎಳೆದು, ವಾಲಿದ ಗೋಡೆಯನ್ನು ಆ ಗೆರೆಗೆ ಸರಿಯಾಗಿ ನಿಲ್ಲಿಸುತ್ತಿದ್ದ. ಅದರಲ್ಲಿ ಅವನ ಕೈ ಪಳಗಿತ್ತು. ನಾಯಿಯ ಬಾಲವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೆಟ್ಟಗೆ ಮಾಡುತ್ತಾನೆ ಎಂದು ಗೆಳೆಯರು ರೇಗಿಸುತ್ತಿದ್ದರು.

ಇಪ್ಪತ್ತು ವರ್ಷ ಇದನ್ನೇ ಮಾಡಿದವನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು. ಕಟ್ಟಡ ಎಂದೂ ವಾಲುವುದಿಲ್ಲ, ಕೆಳಗೆ ನಿಂತು ನೋಡುವವರ ಕಣ್ಣಿಗೆ ವಾಲುತ್ತದೆ. ಮಾತು ಚೆನ್ನಾಗಿದೆ. ನಾನೇ ಎರಡು ಸಲ ಪ್ರವಚನದಲ್ಲಿ ಹೇಳಿಬಿಟ್ಟಿದ್ದೇನೆ.

ಅವನ ಬಟ್ಟೆಗೆ ಇಸ್ತ್ರಿ ಹಾಕುವವರು ಗಂಡ ಹೆಂಡತಿ ಇಬ್ಬರು. ಒಂದು ಸಣ್ಣ ಓಣಿಯಲ್ಲಿ, ಮೂರಂತಸ್ತಿನ ಹಳೆಯ ಕಟ್ಟಡದ ಗೋಡೆಯ ಪಕ್ಕ ಅವರ ಮೇಜು. ಮಧ್ಯಾಹ್ನವೆಲ್ಲ ಆ ಗೋಡೆಯ ನೆರಳು. ಎದುರು ಬದಿಗೆ ಹೋದರೆ ಮೇಲೆ ಬಿಸಿಲು, ಕೈಯಲ್ಲಿ ಕೆಂಡದ ಪೆಟ್ಟಿಗೆ.

ಒಂದು ದಿನ ಹೆಂಡತಿ ಅವನನ್ನು ತಡೆದು ನಿಲ್ಲಿಸಿದಳು.

“ಅಣ್ಣಾ, ಈ ಗೋಡೆ ಓಣಿ ಕಡೆಗೆ ವಾಲ್ಕೊಂಡು ಬರ್ತಾ ಇದೆ. ಮೊದಲು ಮಳೆ ಬಂದ್ರೆ ಮೇಲಿನ ನೀರು ಗೋಡೆ ಬುಡಕ್ಕೆ ಬೀಳ್ತಿತ್ತು, ಈಗ ನಮ್ಮ ಮೇಜಿನ ಮೇಲೇ ಬೀಳುತ್ತೆ. ನಮ್ಮೆಜಮಾನರು ಎದುರುಗಡೆ ಹೋಗೋಣ ಅಂತಾರೆ. ನಾವು ಹೋದ್ರೆ ಆಯ್ತಾ, ಒಳಗಿರೋರ ಗತಿ ಏನು? ಪುರಸಭೆ ಕಚೇರಿಲಿ ಹೇಳಿದ್ರೆ ಫೋಟೊ ತಗೊಂಡು ಬಾ ಅಂದ್ರು. ಒಂದು ತೆಕ್ಕೊಡ್ತೀರಾ?”

“ಅದಕ್ಕೇನಂತೆ, ತೆಕ್ಕೊಡ್ತೀನಮ್ಮ” ಎಂದ ಅವನು. ಒಳ್ಳೆಯ ಮನಸ್ಸಿನವನು. ಅಂದೇ ಕ್ಯಾಮೆರಾ ತಂದು, ಓಣಿಯ ತುದಿಯಲ್ಲಿ ಮಂಡಿಯೂರಿ ಕುಳಿತು ಫೋಟೊ ತೆಗೆದ. ಚಿತ್ರದ ಎಡಗಡೆ ಆ ಗೋಡೆ, ಬಲಗಡೆ ಒಂದು ದೀಪದ ಕಂಬ.

ಮನೆಗೆ ಬಂದು ಪರದೆಯ ಮೇಲೆ ನೋಡಿದ. ಗೋಡೆ ವಾಲಿತ್ತು. ಅವನು ಎಂದಿನಂತೆ ಗೆರೆ ಎಳೆದ, ಗೋಡೆಯನ್ನು ಗೆರೆಗೆ ತಂದು ನಿಲ್ಲಿಸಿದ. ಬಡವರಿಗೆ ಮಾಡಿಕೊಡುವ ಕೆಲಸ, ಕಾಟಾಚಾರಕ್ಕೆ ಆಗಬಾರದು ಎಂದು ಎಂದಿಗಿಂತ ಹೆಚ್ಚು ಮುತುವರ್ಜಿಯಿಂದಲೇ ನಿಲ್ಲಿಸಿದ.

ಗೋಡೆ ನೆಟ್ಟಗಾಯಿತು. ಆದರೆ ಬಲಗಡೆಯ ಕಂಬ ಹೊರಕ್ಕೆ ವಾಲಿತು. ಕಂಬವನ್ನು ಸರಿಮಾಡಿದರೆ ಗೋಡೆ ಮತ್ತೆ ವಾಲುತ್ತದೆ. ಎರಡೂ ಒಟ್ಟಿಗೆ ನೆಟ್ಟಗೆ ನಿಲ್ಲಲು ಒಪ್ಪಲಿಲ್ಲ.

ಅಲ್ಲಿ ಅವನ ಕೈ ಒಂದು ಗಳಿಗೆ ತಡೆಯಿತು. ಆ ಒಂದು ಗಳಿಗೆಯಲ್ಲಿ ಅವನಿಗೆ ಎಲ್ಲವೂ ತಿಳಿಯಬಹುದಿತ್ತು. ಆದರೆ ಈ ಊರಿನಲ್ಲಿ ಯಾವ ಕಂಬ ತಾನೇ ನೆಟ್ಟಗಿದೆ ಎಂದು ನಕ್ಕು, ಚಿತ್ರದ ಬಲ ಅಂಚನ್ನು ಕತ್ತರಿಸಿ ಹಾಕಿದ. ಕಂಬ ಹೋಯಿತು. ಗೋಡೆಯೊಂದೇ ಉಳಿಯಿತು. ಚಿತ್ರ ಬಹಳ ಚೆನ್ನಾಗಿ ಬಂದಿತ್ತು.

ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿ ಅವಳ ಕೈಗೆ ಕೊಟ್ಟ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದಳು. ಚಿತ್ರ ನೋಡಿದಳು, ತಲೆ ಎತ್ತಿ ಗೋಡೆ ನೋಡಿದಳು.

“ಅಣ್ಣಾ, ಇದು ಇದೇ ಗೋಡೆನಾ?”

“ಇದೇ ಕಣಮ್ಮ. ಕೆಳಗೆ ನಿಂತು ನೋಡೋರಿಗೆ ಎಲ್ಲಾ ಕಟ್ಟಡಾನೂ ವಾಲಿದ ಹಾಗೇ ಕಾಣ್ಸುತ್ತೆ. ಕಣ್ಣಿನ ಮೋಸ ಅಷ್ಟೆ. ಹೆದರ್ಕೋಬೇಡ.”

ಅವಳು ನಂಬಿದಳು. ಅವಳಿಗೆ ಓದು ಬರಹವಿಲ್ಲ, ಅವನು ತಿಳಿದವನು. ಕುಣಿಯಲಾರದವಳು ನೆಲ ಡೊಂಕು ಎಂದಳು ಎಂದು ನಾವೆಲ್ಲ ನಗುತ್ತೇವೆ. ನೆಲ ನಿಜವಾಗಿ ಡೊಂಕಾಗಿದ್ದಾಗ ಹೇಳುವವಳೂ ಅವಳೇ ಅಲ್ಲವೇ, ಅದರ ಮೇಲೆ ಕಾಲಿಟ್ಟವಳು ಅವಳು ತಾನೇ? ಹೋಗಲಿ. ಅವಳು ಆ ಚಿತ್ರವನ್ನು ಕಚೇರಿಗೆ ಒಯ್ದಳು. ಅಲ್ಲಿಯವರು ನೋಡಿ, ಗೋಡೆ ಗಟ್ಟಿಮುಟ್ಟಾಗಿದೆಯಲ್ಲಮ್ಮ ಎಂದರು. ಅವರಿಗೂ ಚಿತ್ರವೇ ಕಂಡದ್ದು. ಅವಳು ಅದನ್ನು ತಂದು ಗಂಡನಿಗೆ ತೋರಿಸಿ, ನಮ್ಮ ಕಣ್ಣೇ ಸರಿ ಇಲ್ಲವಂತೆ ಎಂದಳು. ಅವನು ಮೇಜು ಸರಿಸುವ ಯೋಚನೆ ಬಿಟ್ಟ.

ಆ ಸಲದ ಮುಂಗಾರಿನಲ್ಲಿ ಮೂರು ದಿನ ಬಿಡದೆ ಸುರಿಯಿತು. ನಾಲ್ಕನೆಯ ದಿನ ಹೊಳವಾಯಿತು. ಬಟ್ಟೆ ರಾಶಿ ಬಿದ್ದಿದ್ದರಿಂದ ಗಂಡ ಬೆಳಿಗ್ಗೆಯೇ ಬಂದು ಕೆಂಡ ಹೊತ್ತಿಸಿದ. ಹೆಂಡತಿ ಒಗೆದ ಬಟ್ಟೆ ತರಲು ಹೋಗಿದ್ದಳು. ಒಳಗಿದ್ದವರು ಗಾರೆ ಉದುರುವುದನ್ನು ಕಂಡು ಮುಂಬಾಗಿಲಿನಿಂದ ಓಡಿ ಪಾರಾದರು. ಗೋಡೆ ಓಣಿಯ ಕಡೆಗೆ ಬಿತ್ತು, ಅವನ ಮೇಲೆ.

ಛಾಯಾಗ್ರಾಹಕ ಓಡಿ ಬಂದ. ಜನ ಆಗಲೇ ಇಟ್ಟಿಗೆ ತೆಗೆದು ಹೆಣವನ್ನು ಮಲಗಿಸಿದ್ದರು. ಅವಳು ಅವನಿಗೆ ಶಾಪ ಹಾಕಲಿಲ್ಲ. ಹಾಕಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ತಲೆ ಎತ್ತಿ, “ನೀವು ಹೇಳಿದ ಮೇಲೆ ಧೈರ್ಯವಾಗಿ ಇದ್ವಿ ಅಣ್ಣಾ” ಎಂದಳು. ಅಷ್ಟೇ.

ಅವನು ಮನೆಗೆ ಹೋಗಿ, ತಿದ್ದುವ ಮೊದಲಿನ ಚಿತ್ರವನ್ನು ತೆರೆದ. ಕಂಬ ವಾಲಬೇಕಾದಷ್ಟು ಮಾತ್ರ ವಾಲಿತ್ತು. ಗೋಡೆ ಅದರ ಎರಡರಷ್ಟು ವಾಲಿತ್ತು. ಮಾರನೆಯ ದಿನ ಓಣಿಗೆ ಹೋಗಿ, ದಾರಕ್ಕೆ ಒಂದು ಕಲ್ಲು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟು ನೋಡಿದ. ಕಂಬ ದಾರಕ್ಕೆ ಸರಿಯಾಗಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ನಿಂತಿತ್ತು. ಆ ಓಣಿಯಲ್ಲಿ ನಿಜ ಹೇಳಿದ್ದು ಅದೊಂದೇ, ಅದನ್ನೇ ತಾನು ಕತ್ತರಿಸಿ ಎಸೆದೆ ಎಂದು ಅವನು ಅಲ್ಲಿಯೇ ಕುಸಿದು ಅತ್ತ.

ಆ ಮೇಲೆ ಅವನು ಕ್ಯಾಮೆರಾ ಮುಟ್ಟಲಿಲ್ಲ ಎಂದರೆ ಕತೆ ಚೆನ್ನಾಗಿರುತ್ತದೆ. ಆದರೆ ನಾನೂ ಕತೆಯನ್ನು ನೆಟ್ಟಗೆ ಮಾಡಬಾರದಲ್ಲ. ಮುಟ್ಟಿದ. ಹೊಟ್ಟೆಪಾಡು. ಕಟ್ಟಡಗಳ ಫೋಟೊ ತೆಗೆದ, ಅವನ್ನು ನೆಟ್ಟಗೂ ಮಾಡಿದ, ಯಾಕೆಂದರೆ ಹೆಚ್ಚಿನವು ನಿಜವಾಗಿಯೂ ನೆಟ್ಟಗಿದ್ದವು. ಆದರೆ ಪ್ರತಿಯೊಂದು ಗೋಡೆಯ ಫೋಟೊ ತೆಗೆಯುವ ಮೊದಲು ಅದರ ಪಕ್ಕ ಕಲ್ಲು ಕಟ್ಟಿದ ದಾರ ಇಳಿಬಿಟ್ಟು ನೋಡುತ್ತಿದ್ದ. ಇಸ್ತ್ರಿ ಹಾಕಿದ ಅಂಗಿಯನ್ನು ಮತ್ತೆ ಅವನು ತೊಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ, “ಆದರೆ ಗುರುಗಳೇ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಲ್ಲ?” ಎಂದ.

“ಇರಲಿಲ್ಲ” ಎಂದರು ಗುರುಗಳು. ಹಾಳೆಗಳಲ್ಲಿ ಒಂದನ್ನು ಎತ್ತಿ ಅವನ ಮುಂದೆ ಹಿಡಿದರು.

“ಬೆಳಿಗ್ಗೆ ಬಾಗಿಲಲ್ಲಿ ನನಗೂ ಕೇಳಿಸುವಂತೆ ಎದೆ ಬಡಿದುಕೊಂಡು ಕೂಗಿದವಳನ್ನು ‘ಆಶೀರ್ವಾದ ಬೇಡಿ ಹೋದರು’ ಎಂದು ಬರೆದಿದ್ದೀಯಲ್ಲ, ಅವಳು ಹೋದದ್ದು ಯಾವ ಕಡೆಗೆ?”

ಶಿಷ್ಯ ಎದ್ದು, ಅವಳನ್ನು ಹುಡುಕಲು ಬಾಗಿಲ ಕಡೆಗೆ ಓಡಿದ.