ಎಡಿಗುಡ್ಡದ ಬರಮಗೊಂಡ

ಈ ಸಲ ಹೇಳೂದು ಒಂದೊಂದು ಮಾತೂ ಖರೇ ಐತಿ, ನೀಲಗಂಗವ್ವ. ಸುಳ್ಳು ಹೇಳಿದ್ರ ನಾಳೆಯಿಂದ ನನ್ನ ಬಾಯಿಗೆ ಎಲಿ ಅಡಿಕಿ ಸಿಗದಂಗ ಆಗಲಿ. ನೀ ಈ ಊರ ಸೊಸಿಯಾಗಿ ಬಂದು ಇದು ಮೊದಲನೇ ಎಳ್ಳಮಾಸಿ, ನಮ್ಮ ಗುಡ್ಡದ ಹೆಸರು ಹೆಂಗ ಬಂತು ಅಂತ ನಿನಗ ಗೊತ್ತಿರಬೇಕು. ಕತ್ತಲ ಇಳಿಯೂದ್ರೊಳಗ ಇಗಾ ನೋಡು, ಸುತ್ತ ಎರಿ ಹೊಲ, ಎತ್ತ ನೋಡಿದ್ರೂ ಬಿಳಿಜೋಳ, ಕಡ್ಲಿ. ನಡುವ ಇದೊಂದ ಗುಡ್ಡ. ನೆತ್ತಿ ಮ್ಯಾಲ ಪರಾತ ಬೋರಲ ಹಾಕಿದಂಗ ಈ ಹಾಸಗಲ್ಲು, ಅದರ ಬಾಜೂಕ ನೀರು ನಿಂತ ಕುಣಿ. ಕಲ್ಲಿಗೆ ಎಡಿಗಲ್ಲು ಅಂತಾರ, ಗುಡ್ಡಕ್ಕ ಎಡಿಗುಡ್ಡ ಅಂತಾರ. ಯಾರ ಎಡಿ ಅಂತ ಕೇಳಿದ್ರ ಊರಾಗ ಅರ್ಧ ಮಂದಿ ತಲಿ ಕೆರಕೊಂತಾರ. ನನ್ನ ಕೇಳು.

ಹಿಂದಕ ಒಮ್ಮೆ, ಊರಿಗೆ ಇನ್ನೂ ಅಗಸಿ ಕಟ್ಟಿರಲಿಲ್ಲ, ಆವಾಗ ಬರಮಗೊಂಡ ಅಂತ ಒಬ್ಬ ದೈತ್ಯ ಇಲ್ಲೇ ಇದ್ದನಂತ. ದೈತ್ಯ ಅಂದ್ರ ಮಂದೀನ ತಿನ್ನಾವ ಅಲ್ಲ, ಕೂಸಿನಂಥಾ ಮನಸು. ನಿಂತ್ರ ತಲಿ ಮುಗಿಲು ಮುಟ್ಟತಿತ್ತು, ಸೀನಿದ್ರ ಮೂರೂರ ಹತ್ತಿ ಹಾರಿ ಹೋಗತಿತ್ತು. ಬೆನ್ನು ತುರಿಸಿತು ಅಂದ್ರ ನಮ್ಮ ಮನಿತನದವರ ಹೊಲಾ ಹರಗೂ ಎರಡೆತ್ತಿನ ಕುಂಟಿ ಒಯ್ದು ಅವನ ಬೆನ್ನ ಮ್ಯಾಲ ಹೊಡೀತಿದ್ರು.

"ಮುತ್ಯಾ, ಮೊನ್ನೆ ನಾಕೆತ್ತು ಅಂದಿದ್ದಿ."

ಅದು ಬ್ಯಾಸಗ್ಯಾಗ, ಮೈತುಂಬ ಬೆವರಸಾಲಿ ಎದ್ದಾಗ. ನಡುವ ಬಾಯಿ ಹಾಕಬ್ಯಾಡ.

ಅವನಿಗೆ ಇದ್ದದ್ದು ಒಂದ ಆಸೆ. ಎಳ್ಳಮಾಸಿ ದಿನ ಊರ ಮಂದಿ ಹೊಲದಾಗ ಭೂಮಿತಾಯಿಗೆ ಚರಗ ಚೆಲ್ಲಿ ಸಾಲಾಗಿ ಉಣ್ಣಾಕ ಕುಂತಾಗ, ಆ ಪಂಕ್ತ್ಯಾಗ ತಾನೂ ಕುಂದ್ರಬೇಕು. ಚಂದ್ರವ್ವಾಯಿ ಅಂತ ಒಬ್ಬಾಕಿ ಮುದುಕಿ ಅವನಿಗಂತ ಬಂಡಿಗಾಲಿಯಷ್ಟು ಸಜ್ಜಿ ರೊಟ್ಟಿ ಬಡದು, ಎಳ್ಳು ಹಚ್ಚಿ ಸುಡತಿದ್ಲು. ಆದ್ರ ಅವ ಬಂದು ಕುಂತ್ರ ಏಳತಿದ್ದಿಲ್ಲ. ಅವನ ನೆಳ್ಳು ಬಿದ್ದ ಹೊಲದಾಗ ಜ್ವಾಳ ತೆನಿ ಹಿರಿಯವಲ್ದು, ಕಡ್ಲಿ ಕಾಯಿ ಕಟ್ಟವಲ್ದು. ಮಂದಿ ಚಂದ್ರವ್ವಾಯಿನ್ನ ಮುಂದ ಮಾಡಿದ್ರು. ಆಕಿ ಸಣ್ಣ ದನೀಲೆ, "ತಮ್ಮಾ, ಸ್ವಲ್ಪ ಸರದು ಕುಂದ್ರೋ" ಅಂದ್ಲು. ಪಾಪ, ಸರದಾ. ಈ ಗುಡ್ಡದ ಮ್ಯಾಲ ಕುಂತಾ. ನೆಳ್ಳು ಆಚಿ ಊರ ಮ್ಯಾಲ ಬಿತ್ತು, ಅವರು ಬಡಿಗಿ ಹಿಡದು ಬಂದ್ರು. ಹೊಳಿ ದಾಟಿ ಕುಂತಾ, ಅಲ್ಲೂ ಬೈದ್ರು. ತೆಂಕಣಕ ಎಷ್ಟು ಸರದ್ರೂ ಯಾರದೋ ಒಂದು ಹೊಲ ಇದ್ದ ಇರತಿತ್ತು. ಕಡೀಕ, ಮುಗಲಿನ ಅಂಚಿಗೇ ಹೋಗತೀನಿ ಅಂತ ಗಟ್ಟಿ ಮಾಡಿ, ಹೇಳಿ ಹೋಗಾಕ ಈ ಗುಡ್ಡಕ್ಕ ಬಂದಾ.

"ಯವ್ವಾ, ದೂರ ಹೋಗಾಕ ನನಗ ಅಂಜಿಕಿಲ್ಲ. ಪಂಕ್ತ್ಯಾಗ ನನ್ನ ಎಡಿ ಹಾಕೂದು ಮರತಬಿಡತೀರಿ, ಅದಕ್ಕ ಅಂಜಿಕಿ" ಅಂದಾ. ಚಂದ್ರವ್ವಾಯಿ ಕಣ್ಣೀರು ಸೆರಗಿಲೆ ಒರಸಿಕೊಂಡು, "ವರ್ಷಾ ಎಳ್ಳಮಾಸಿಗೆ ಈ ಕಲ್ಲ ಮ್ಯಾಲ ಮೊದಲ ನಿನ್ನ ಎಡಿ, ಆಮ್ಯಾಲ ನಮ್ಮ ತುತ್ತು. ಮುಟ್ಟಿತೋ ಇಲ್ಲೋ ನಮಗ ಹೆಂಗ ತಿಳೀಬೇಕು?" ಅಂದ್ಲು. "ಅಲ್ಲೊಂದು ದೀವಿಗಿ ಹಚ್ಚಿಡತೀನಿ. ಹೊಟ್ಟಿ ತುಂಬಿದ್ರ ಕುಡಿ ಎತ್ತತೀನಿ, ಹಸದ್ರ ಇಳಸತೀನಿ" ಅಂತ ಹೇಳಿ, ಮಣಕಾಲ ಊರಿ ಎದ್ದಾ. ಆ ಮಣಕಾಲ ಊರಿದ್ದ ಈ ಕುಣಿ. ಎಂಥಾ ಬರಗಾಲ ಬಂದ್ರೂ ಇದರಾಗಿನ ನೀರು ಬತ್ತಿಲ್ಲ, ಅವನ ಕಣ್ಣೀರು ಅಂತಾರ.

ಈಗೂ ಯಾರರೆ ಬಂದ್ರ ಕಲ್ಲು ನೋಡತಾರ, ಕುಣಿ ನೋಡತಾರ. ಅಮಾಸಿ ಕತ್ತಲದಾಗ ಬಂದವರಿಗೆ ಅವನ ದೀವಿಗಿ, ಆ ಚುಕ್ಕಿನೂ ಕಾಣತೈತಿ. ಅಗಾ, ಈಗ ಕತ್ತಲಾತು, ಆ ಬನ್ನಿಗಿಡದ ಎಡಕ್ಕ, ತೆಂಕಣ ಅಂಚಿಗೆ. ಇವತ್ತೂ ಅವ ಎಡಿ ಒಯ್ದಾನ ನೋಡು. ನೀ ಮಧ್ಯಾಹ್ನ ಈ ಕಲ್ಲ ಮ್ಯಾಲ ಇಟ್ಟ ರೊಟ್ಟಿ ಎಲ್ಲಿ? ಬರೇ ಸುತ್ತಿದ ಅರಿವಿ ಉಳದೈತಿ. ನಾ ಆವಾಗಿಂದ ಇಲ್ಲೇ ಕಾವಲ ಕುಂತೀನಿ, ಕಣ್ಣಾರೆ ನೋಡೀನಿ. ಮುಗಲಿನಿಂದ ಬಣವಿಯಂಥಾ ಕೈ ಇಳದು ಬಂತು, ಮೆತ್ತಗ ಎತಗೊಂತು, ಹೋತು.

"ಎಡಿ ಮುಟ್ಟಿದ್ರ ದೀವಿಗಿ ಯಾಕ ಇಷ್ಟು ಮಿಣಮಿಣ ಅನ್ನತೈತಿ, ಮುತ್ಯಾ?"

ದೂರ ಐತೆಲ್ಲವಾ. ಹತ್ತಿರ ಹೋದ್ರ ಸೂರ್ಯಗಿಂತ ದೊಡ್ಡದು. ನಮ್ಮ ಮುತ್ಯಾ ಹೋಗಿ ಮೈ ಕಾಸಿಕೊಂಡು ಬಂದಾನ.

"ದೂರಲ್ಲ. ಬರಮಗೊಂಡ ಉಪಾಸ ಅದಾನ. ಈ ಕಂದೀಲ ಬೆಳಕಿಗೆ ಕಾಣತೈತಿ, ನಿನ್ನ ಮೀಸ್ಯಾಗ ಎಳ್ಳು ಅದಾವ. ಏಳು, ಬುಟ್ಟ್ಯಾಗ ಇನ್ನೊಂದು ರೊಟ್ಟಿ ಐತಿ. ಇಡತೀನಿ. ಈ ಸಲ ಕಾವಲ ನಾ ಕುಂದ್ರತೀನಿ."