ಆಮೆರಾಜನ ಬೆಂಕಿ

ಹೊಳೆಯ ದಡದಲ್ಲಿ ಪಂಕಜಮ್ಮ ಎಂಬ ಲೇಖಕಿಯಿದ್ದರು. ಐವತ್ತು ವರ್ಷ ಮಕ್ಕಳಿಗಾಗಿ, ಎಲ್ಲೂ ಇಲ್ಲದ ಊರುಗಳ ಕಥೆ ಬರೆದವರು.

ಅವರದೊಂದು ನಿಯಮವಿತ್ತು: ಯಾವುದೇ ಕಥೆ ಅಚ್ಚಿಗೆ ಹೋಗುವ ಮೊದಲು ಹೊಳೆಯ ಮೆಟ್ಟಿಲ ಮೇಲೆ ಮಕ್ಕಳ ಮುಂದೆ ನಿಲ್ಲಬೇಕು. ಮಕ್ಕಳು ಎದ್ದು ಹೋದರೆ ಆ ಪುಸ್ತಕ ಅಲ್ಲಿಗೇ ಮುಗಿಯಿತು. ಪಂಕಜಮ್ಮನವರ ಮೂವತ್ತೊಂದು ಪುಸ್ತಕ ಅಚ್ಚಾಗಿದ್ದವು. ಒಂಬತ್ತು ಈ ಮೆಟ್ಟಿಲಲ್ಲೇ ಸತ್ತಿದ್ದವು. ಅಪೀಲಿಗೆ ಅವಕಾಶವಿರಲಿಲ್ಲ.

ಅಂದು ಸರದಿ ಅವರ ಶಿಷ್ಯ ಇಂದುಧರನದು. ಇದ್ದ ಕೆಲಸ ಬಿಟ್ಟು, ಮೂರು ವರ್ಷ ಕೂತು ಬರೆದ ಮೊದಲ ಕಥೆ. ನೀರಿನಡಿಯ ಒಂದು ಊರು, ಅಲ್ಲಿ ಬೆಂಕಿ ಉಗುಳುವ ಆಮೆರಾಜ. ಮಕ್ಕಳು ಎದ್ದರೆ ಮತ್ತೆ ಪೆನ್ನು ಮುಟ್ಟುವುದಿಲ್ಲವೆಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಕಥೆ ಅರ್ಧಕ್ಕೆ ಬಂದಾಗ ನೀಲಾ ಎಂಬ ಹುಡುಗಿ ಕೈಯೆತ್ತಿದಳು.

"ಮಾಮ, ನೀರೊಳಗೆ ಬೆಂಕಿ ಆರಿಹೋಗಲ್ವಾ?"

"ಇದು ಕಥೆ ಕಣಮ್ಮ. ನಿಜ ಅಲ್ಲ. ಸುಮ್ಮನೆ ಕೇಳು."

ನೀಲಾ ಲಂಗ ಕೊಡವಿಕೊಂಡು ಎದ್ದಳು.

"ನಿಜ ಅಲ್ವಂತೆ ಕಣ್ರೋ, ಅವರೇ ಹೇಳ್ತಿದಾರೆ. ಬನ್ನಿ, ಆಡ್ಕೊಳೋಣ."

ಒಬ್ಬೊಬ್ಬರಾಗಿ ಎಲ್ಲರೂ ಎದ್ದರು.

"ಏ ನೀಲಾ, ನಿಲ್ಲೇ," ಎಂದರು ಹಿಂದೆ ಕೂತಿದ್ದ ಪಂಕಜಮ್ಮ. "ಏನು ಕೇಳಿದೆ?"

ನೀಲಾ ಮತ್ತೆ ಕೇಳಿದಳು.

"ಹೌದಲ್ಲೇ! ನನಗೂ ಹೊಳೆದಿರಲಿಲ್ಲ ನೋಡು. ತಾಳು, ರಾಜನನ್ನೇ ಕೇಳಿಬಿಡೋಣ."

ಎಪ್ಪತ್ತೆಂಟರ ಹೆಂಗಸು. ಕನ್ನಡಕ ತೆಗೆದು ನೀಲಾಳ ಕೈಗಿಟ್ಟು, ಸೆರಗು ಬಿಗಿದುಕೊಂಡು, ಮೆಟ್ಟಿಲಿಳಿದು ಎದೆಮಟ್ಟದ ನೀರಿಗೆ ಹೋದರು.

"ಅಮ್ಮಾ, ನಿಮ್ಮ ಮಂಡಿನೋವು..." ಎಂದ ಇಂದುಧರ.

ಅವರು ಮುಳುಗಿಯಾಗಿತ್ತು.

ಮಕ್ಕಳು ಎಣಿಸತೊಡಗಿದರು. ಒಂದು, ಎರಡು, ಮೂರು. ಇಪ್ಪತ್ತು ದಾಟಿದಾಗ ದನಿಗಳು ಸಣ್ಣಗಾದವು. ಮೂವತ್ತಕ್ಕೆ ಯಾರೂ ಎಣಿಸುತ್ತಿರಲಿಲ್ಲ.

ಆಮೇಲೆ ಬಿಳಿತಲೆ ಮೇಲೆದ್ದಿತು.

"ಏನಂದ?" ಕೂಗಿದಳು ನೀಲಾ.

"ಊಟಕ್ಕೆ ಕೂತಿದಾನೆ ಕಣೇ. ಬಾಯಿ ತುಂಬ ಪಾಚಿ. ಏನೋ ಅಂದ, ಒಂದೂ ತಿಳೀಲಿಲ್ಲ."

ಯಾರೂ ನಗಲಿಲ್ಲ. ಮಕ್ಕಳೆಲ್ಲ ಸದ್ದಿಲ್ಲದೆ ಮೆಟ್ಟಿಲ ಮೇಲೆ ಕೂತರು, ನೀರಿನಿಂದ ಕಣ್ಣು ತೆಗೆಯದೆ.

ಇಂದುಧರನೂ ನೀರನ್ನೇ ನೋಡಿದ. ಮೂರು ವರ್ಷ ಮೇಜಿನ ಮುಂದೆ ಕೂತು ಯಾರ ಬಗ್ಗೆ ಬರೆದಿದ್ದನೋ, ಅವನು ಅಲ್ಲಿ, ಆ ಹಸಿರು ಕತ್ತಲೆಯಲ್ಲಿ, ಅಗಿಯುತ್ತ ಕೂತಿರಬಹುದೆಂದು ಮೊದಲ ಬಾರಿಗೆ ಅನ್ನಿಸಿತು. ಅವನ ತೋಳಿನ ರೋಮ ನೆಟ್ಟಗಾದವು.

ಕೈಕೊಟ್ಟು ಗುರುವನ್ನು ಮೇಲೆ ಹತ್ತಿಸುತ್ತ ಪಿಸುಗುಟ್ಟಿದ:

"ಅಮ್ಮಾ, ನಿಜವಾಗಿ ಕಂಡನಾ?"

ಪಂಕಜಮ್ಮ ಸೆರಗು ಹಿಂಡಿಕೊಂಡರು.

"ಅವನು ನಿನ್ನ ರಾಜನಪ್ಪ, ನನ್ನ ಹತ್ತಿರ ಯಾಕೆ ಬಾಯಿ ಬಿಡ್ತಾನೆ? ಮಕ್ಕಳು ಕಾಯ್ತಿದಾರೆ. ಅಂಗಿ ಬಿಚ್ಚಿಟ್ಟು ಇಳಿ."